ಹಾಡು ರೆಡಿ, ಆಲ್ಬಂ ಮಾತ್ರ ಬರಲಿಲ್ಲ: ಕ್ಲಿಪ್ಸ್ ಅಣ್ಣ-ತಮ್ಮಂದಿರ ನಾಲ್ಕು ವರ್ಷ

ಪ್ರಶ್ನೆ: ನಾನು, ನನ್ನ ತಮ್ಮ ಸೇರಿ ದಾವಣಗೆರೆಯಲ್ಲಿ ಕನ್ನಡ ರ್‍ಯಾಪ್ ಮಾಡ್ತೀವಿ. ಒಂದು ಮ್ಯೂಸಿಕ್ ಕಂಪನಿ ಮೂರು ಆಲ್ಬಂಗೆ ಅಗ್ರಿಮೆಂಟ್ ಕಳಿಸಿದೆ. ನಮ್ಮನ್ನು ಕರೆದದ್ದು ಅಲ್ಲಿನ ಒಬ್ಬ ಮ್ಯಾನೇಜರ್. ಅವರ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ. ಆಲ್ಬಂ ಯಾವಾಗ ಬಿಡುಗಡೆ ಅನ್ನೋದು ಮಾತ್ರ ಕಂಪನಿಯ ತೀರ್ಮಾನ ಅಂತ ಬರೆದಿದ್ದಾರೆ. ಕ್ಲಿಪ್ಸ್ ಅನ್ನೋ ಅಮೆರಿಕದ ಜೋಡಿಯ 'ಹೆಲ್ ಹ್ಯಾತ್ ನೋ ಫ್ಯೂರಿ' ಆಲ್ಬಂ ಲೇಬಲ್ (ಅಂದರೆ ಮ್ಯೂಸಿಕ್ ಕಂಪನಿ) ಜಗಳದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು ಅಂತ ಗೆಳೆಯನೊಬ್ಬ ಹೆದರಿಸಿದ. ಅಲ್ಲಿ ನಿಜವಾಗಿ ಏನಾಯಿತು? ಜಗಳ ಆಗಿದ್ದಕ್ಕೇ ಆಲ್ಬಂ ಅಷ್ಟು ಚೆನ್ನಾಗಿ ಬಂತು ಅಂತಾರೆ, ಹೌದಾ? ನಾವು ಸಹಿ ಹಾಕಬಹುದಾ? ಹಾಕಿದ ಮೇಲೆ ಆಲ್ಬಂ ಬರೋವರೆಗೆ ಯೂಟ್ಯೂಬ್‌ಗೆ ಸಣ್ಣಪುಟ್ಟ ಹಾಡು ಬಿಡಬಹುದಾ?

ಉತ್ತರ: ನಿಮ್ಮ ಗೆಳೆಯ ಹೆದರಿಸಿದ್ದು ಒಳ್ಳೆಯದೇ ಆಯಿತು. ಈಗಿರುವ ರೂಪದಲ್ಲಿ ಆ ಕಾಗದಕ್ಕೆ ಸಹಿ ಹಾಕಬೇಡಿ. ಯಾಕೆ ಅನ್ನುವುದಕ್ಕೆ ಕ್ಲಿಪ್ಸ್ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರೂ ಅಣ್ಣ-ತಮ್ಮ. ಅವರಿಗೂ ಲೇಬಲ್ ಒಳಗೆ ಪೂರ್ತಿ ನಂಬಿದ ಒಬ್ಬ ಮನುಷ್ಯ ಇದ್ದ.

ಅಣ್ಣ ಜೀನ್ ಥಾರ್ನ್‌ಟನ್, ವೇದಿಕೆಯಲ್ಲಿ ಮ್ಯಾಲಿಸ್. ತಮ್ಮ ಟೆರೆನ್ಸ್, ಪುಷಾ ಟಿ. ಬೆಳೆದದ್ದು ಅಮೆರಿಕದ ವರ್ಜೀನಿಯಾ ಬೀಚ್‌ನಲ್ಲಿ. ಅದೇ ಊರಿನ ಫರೆಲ್ ವಿಲಿಯಮ್ಸ್ ಮತ್ತು ಚಾಡ್ ಹ್ಯೂಗೊ ಇವರ ಬೀಟ್, ಅಂದರೆ ರ್‍ಯಾಪ್ ಹಿಂದಿನ ಸಂಗೀತ, ಮಾಡುವವರು. ಆ ಇಬ್ಬರ ಜೋಡಿಗೆ ನೆಪ್ಚೂನ್ಸ್ ಅಂತ ಹೆಸರು. ಕ್ಲಿಪ್ಸ್ ಮೊದಲು ಸೇರಿದ್ದು ಎಲೆಕ್ಟ್ರಾ ಅನ್ನುವ ಲೇಬಲ್. ಅಲ್ಲಿ ಒಂದು ಇಡೀ ಆಲ್ಬಂ ಮಾಡಿದರು. 1999ರಲ್ಲಿ ಒಂದು ಸಿಂಗಲ್, ಅಂದರೆ ಬಿಡಿ ಹಾಡು, ಬಂತು, ಓಡಲಿಲ್ಲ. ಲೇಬಲ್ ಆಲ್ಬಂ ಅನ್ನು ಕಪಾಟಿನಲ್ಲಿಟ್ಟು ಇವರನ್ನು ಕೈಬಿಟ್ಟಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಎರಡನೇ ಜಗಳ ಶುರುವಾಗುವ ಹೊತ್ತಿಗೆ ಇವರು ಹೊಸಬರಲ್ಲ. ಒಮ್ಮೆ ಪೆಟ್ಟು ತಿಂದವರೇ ಮತ್ತೆ ಸಿಕ್ಕಿಕೊಂಡರು.

ಆಮೇಲೆ ಫರೆಲ್ ಅರಿಸ್ಟಾ ಲೇಬಲ್ ಜೊತೆ ಸೇರಿ ಸ್ಟಾರ್ ಟ್ರ್ಯಾಕ್ ಅನ್ನುವ ತಮ್ಮದೇ ಸಣ್ಣ ಲೇಬಲ್ ಕಟ್ಟಿದರು. ಕ್ಲಿಪ್ಸ್ ಅದರಲ್ಲಿ ಬಂದರು. 2002ರ 'ಗ್ರೈಂಡಿನ್' ಹಾಡು ನೀವು ಕೇಳಿರುತ್ತೀರಿ. ಬರೀ ಡ್ರಮ್ ಪೆಟ್ಟು, ಹೆಚ್ಚು ಕಡಿಮೆ ಬೇರೇನೂ ಇಲ್ಲ. ಅಲ್ಲಿನ ಶಾಲೆಗಳಲ್ಲಿ ಹುಡುಗರು ಊಟದ ಮೇಜಿನ ಮೇಲೆ ಅದನ್ನೇ ಬಡಿಯುತ್ತಿದ್ದರು. ಅದೇ ಆಗಸ್ಟ್‌ನಲ್ಲಿ 'ಲಾರ್ಡ್ ವಿಲಿನ್' ಆಲ್ಬಂ ಬಂತು, ಅಮೆರಿಕದ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ 4ನೇ ಜಾಗಕ್ಕೆ ಹೋಯಿತು. ಎರಡನೇ ಆಲ್ಬಂ, ಅಂದರೆ ನೀವು ಕೇಳಿದ 'ಹೆಲ್ ಹ್ಯಾತ್ ನೋ ಫ್ಯೂರಿ'ಯ ಕೆಲಸ 2003ರ ಕೊನೆಯಲ್ಲೇ ಶುರುವಾಯಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

2004ರ ಆರಂಭದಲ್ಲಿ ಅರಿಸ್ಟಾದ ಮುಖ್ಯಸ್ಥ ಎಲ್.ಎ. ರೀಡ್ ಕೆಲಸ ಕಳೆದುಕೊಂಡರು. ಅದೇ ವರ್ಷ ಸೋನಿ ಮತ್ತು ಬಿಎಂಜಿ ತಮ್ಮ ಸಂಗೀತದ ವ್ಯವಹಾರವನ್ನು ಒಂದು ಮಾಡಿದವು. ಈ ಗಲಾಟೆಯಲ್ಲಿ ಅರಿಸ್ಟಾದ ರ್‍ಯಾಪ್ ಮತ್ತು ಆರ್ ಅಂಡ್ ಬಿ ಕಲಾವಿದರು ಜೈವ್ ಅನ್ನುವ ಇನ್ನೊಂದು ಲೇಬಲ್‌ಗೆ ಸೇರಿಹೋದರು. ಫರೆಲ್ ತಮ್ಮ ಸ್ಟಾರ್ ಟ್ರ್ಯಾಕ್ ಅನ್ನು ಎದುರಾಳಿ ಗುಂಪಿನ ಇಂಟರ್‌ಸ್ಕೋಪ್‌ಗೆ ಒಯ್ದರು. ಕ್ಲಿಪ್ಸ್‌ಗೂ ಅವರ ಜೊತೆ ಹೋಗುವ ಆಸೆ ಇತ್ತು. ಆಗಲಿಲ್ಲ. ಅವರ ಕಾಗದ ಇದ್ದದ್ದು ಅರಿಸ್ಟಾ ಕಡೆ, ಅದು ಈಗ ಜೈವ್ ಕೈಯಲ್ಲಿತ್ತು. ನಿಮ್ಮ ಕಡೆ ಅಡಿಕೆ ತೋಟ ಮಾರಿದಾಗ ಫಸಲಿನ ಗುತ್ತಿಗೆ ಪತ್ರವೂ ಹೊಸ ಯಜಮಾನನ ಕೈಗೆ ಹೋಗುತ್ತದಲ್ಲ, ಹಾಗೆ. ಗುತ್ತಿಗೆದಾರ ಮಾತಾಡಿದ್ದು ಹಳೆಯ ಯಜಮಾನನ ಜೊತೆ ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಇಲ್ಲಿಗೆ ಸ್ವಲ್ಪ ನಿಲ್ಲಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ತಂದದ್ದು ಆ ಮ್ಯಾನೇಜರ್ ಬಗ್ಗೆ ನೀವು ಬರೆದ ಮಾತು. ಅವರು ಒಳ್ಳೆಯವರೇ ಇರಬಹುದು. ಫರೆಲ್ ಕೂಡ ಒಳ್ಳೆಯ ಗೆಳೆಯನೇ, ಇವತ್ತಿಗೂ ಆ ಅಣ್ಣ-ತಮ್ಮಂದಿರ ಜೊತೆ ಕೆಲಸ ಮಾಡುತ್ತಿದ್ದಾರೆ. ಆದರೆ ನೀವು ಸಹಿ ಹಾಕುವುದು ಮನುಷ್ಯನ ಜೊತೆ ಅಲ್ಲ, ಕಂಪನಿಯ ಜೊತೆ. ಮ್ಯಾನೇಜರ್ ಬೇರೆ ಕಡೆ ಹೋದರೆ, ಕಂಪನಿಯನ್ನೇ ಇನ್ನೊಬ್ಬರು ಕೊಂಡರೆ, ನಿಮ್ಮ ಹಾಡು ಕೇಳಿ ಖುಷಿಪಟ್ಟ ಒಬ್ಬರೂ ಆ ಕಟ್ಟಡದಲ್ಲಿ ಉಳಿಯದೇ ಇರಬಹುದು. ಕಾಗದ ಮಾತ್ರ ಉಳಿಯುತ್ತದೆ.

ಜೈವ್ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಹೊತ್ತಿಗೆ ಅದು ಬ್ರಿಟ್ನಿ ಸ್ಪಿಯರ್ಸ್, ಜಸ್ಟಿನ್ ಟಿಂಬರ್‌ಲೇಕ್ ಇದ್ದ ಪಾಪ್ ಮನೆ. ಅದಕ್ಕೇ 'ರ್‍ಯಾಪ್ ಗೊತ್ತಿಲ್ಲದ ಲೇಬಲ್' ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಕೆಆರ್‌ಎಸ್-ವನ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಯುಜಿಕೆ ಇವರೆಲ್ಲ ಅಲ್ಲಿಂದಲೇ ಬಂದವರು. ನೆಪ್ಚೂನ್ಸ್ ಕೂಡ ಜೈವ್‌ನ ಪಾಪ್ ಗಾಯಕರಿಗೆ ದೊಡ್ಡ ಹಿಟ್ ಮಾಡಿಕೊಟ್ಟಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಕ್ಲಿಪ್ಸ್ ಅನ್ನು ಜೈವ್ ತಾನಾಗಿ ಆರಿಸಿಕೊಂಡಿರಲಿಲ್ಲ. ಯಾರೋ ಮಾಡಿದ ಒಪ್ಪಂದ ಅವರ ಮೇಜಿಗೆ ಬಂದಿತ್ತು, ಅಷ್ಟೇ. ತಾವೇ ಹುಡುಕಿ ತಂದ ಕಲಾವಿದರ ಹಿಂದೆ ಓಡುವಂತೆ ಇಂಥವರ ಹಿಂದೆ ಯಾರೂ ಓಡುವುದಿಲ್ಲ. ಬಿಡುಗಡೆ ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು.

'ಬೇಡ ಅಂದರೆ ಬಿಟ್ಟುಬಿಡಬಹುದಿತ್ತಲ್ಲ?' ಅಂತ ನೀವು ಕೇಳಬಹುದು. ಕ್ಲಿಪ್ಸ್ ಕೂಡ ಅದನ್ನೇ ಕೇಳಿದರು, ಲೇಬಲ್ ಒಪ್ಪಲಿಲ್ಲ. ಇದರ ಹಿಂದಿನ ಲೆಕ್ಕ ಎಲ್ಲ ಕಡೆ ಒಂದೇ. ಸ್ಟುಡಿಯೊ, ಬೀಟ್, ಅಡ್ವಾನ್ಸ್ ಅಂತ ದುಡ್ಡು ಈಗಾಗಲೇ ಖರ್ಚಾಗಿರುತ್ತದೆ. ಅದನ್ನು ಕಲಾವಿದರ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಹಕ್ಕು ಲೇಬಲ್‌ಗೆ ಇರುತ್ತದೆ. ಬಿಟ್ಟುಕೊಟ್ಟರೆ ಆ ದುಡ್ಡು ಹೋಯಿತು. ಆಲ್ಬಂ ಬಿಡಬೇಕು ಅಂದರೆ ಪ್ರಚಾರಕ್ಕೆ ಇನ್ನಷ್ಟು ದುಡ್ಡು ಹಾಕಬೇಕು, ಅದು ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ಕಪಾಟಿನಲ್ಲಿ ಇಟ್ಟರೆ ಹೊಸ ಖರ್ಚು ಇಲ್ಲ. ಎದುರಾಳಿ ಲೇಬಲ್‌ನಲ್ಲಿ ಇವರು ಗೆದ್ದುಬಿಡುವ ಭಯವೂ ಇಲ್ಲ. ಹಾಗಾಗಿ ಸುಮ್ನೆ ಇಟ್ಟುಕೊಳ್ಳುವುದೇ ಕಂಪನಿಗೆ ಅಗ್ಗದ ದಾರಿ. ಇದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ. ಕಾಗದದಲ್ಲಿ ತಡೆ ಇಲ್ಲದಿದ್ದರೆ ಲೆಕ್ಕ ಹಾಗೇ ನಡೆಯುತ್ತದೆ.

ಕ್ಲಿಪ್ಸ್ ಕೋರ್ಟಿಗೆ ಹೋದರು. 2006ರ ಮೇ ಹೊತ್ತಿಗೆ ರಾಜಿಯಾಯಿತು. ರೀ-ಅಪ್ ಅನ್ನುವ ಅವರ ಸ್ವಂತ ಲೇಬಲ್ ಹೆಸರಿನಲ್ಲಿ, ಆದರೆ ಜೈವ್ ಮೂಲಕವೇ ಆಲ್ಬಂ ಬರುವುದು ಅಂತ ತೀರ್ಮಾನವಾಯಿತು. ಮೊದಲ ಸಿಂಗಲ್ 'ಮಿಸ್ಟರ್ ಮೀ ಟೂ'ದಲ್ಲೇ ಜೈವ್ ಹೆಸರು ಹಿಡಿದು ಬೈದು, ಕಾಯಿಸಿದ್ದಕ್ಕೆ ಕೇಳುಗರ ಕ್ಷಮೆ ಕೇಳಿದರು. ಆ ಹಾಡನ್ನು ಹೊರತಂದದ್ದೂ ಅದೇ ಜೈವ್. 2006ರ ನವೆಂಬರ್ 28ಕ್ಕೆ ಆಲ್ಬಂ ಬಂತು. ಹಿಂದಿನ ಆಲ್ಬಂ ಬಂದು ನಾಲ್ಕು ವರ್ಷ ದಾಟಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. ಜಗಳದಿಂದಲೇ ಆಲ್ಬಂ ಚೆನ್ನಾಗಿ ಬಂತಾ?

ಆ ಆಲ್ಬಂ ಅನ್ನು ನಾನು ತುಂಬ ಪ್ರೀತಿಸುತ್ತೇನೆ. ಹನ್ನೆರಡೇ ಹಾಡು, ಎಲ್ಲ ಬೀಟ್ ನೆಪ್ಚೂನ್ಸ್ ಅವರದ್ದು. 'ಮಮ್ಮಾ ಐಯಾಮ್ ಸೋ ಸಾರಿ'ಯಲ್ಲಿ ಅಕಾರ್ಡಿಯನ್ ತರಹದ ಒಂದು ದನಿ ಉಸಿರು ಎಳೆದ ಹಾಗೆ ಸುತ್ತುತ್ತಾ ಇರುತ್ತದೆ. 'ಕೀಸ್ ಓಪನ್ ಡೋರ್ಸ್'ನಲ್ಲಿ ದೂರದ ಕೋರಸ್. 'ಟ್ರಿಲ್'ನಲ್ಲಿ ಸಿಂಥ್ ಕಿವಿಗೆ ಚುಚ್ಚುತ್ತದೆ. ಜಾಗ ತುಂಬಿಸುವ ವಾದ್ಯ ಎಲ್ಲೂ ಇಲ್ಲ. ಮಾತು ಒಂದೊಂದೂ ಕೇಳಲೇಬೇಕು. ಮಾದಕವಸ್ತು ವ್ಯಾಪಾರದ ಬದುಕೇ ಹಾಡುಗಳ ವಸ್ತು. ಆದರೆ ಅದರ ಬೆನ್ನಿಗೇ ತಪ್ಪಿತಸ್ಥ ಭಾವ, ತಾಯಿಯ ಮುಂದಿನ ನಾಚಿಕೆ, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುವ ಭಯ. ಕೊನೆಯ 'ನೈಟ್‌ಮೇರ್ಸ್' ಆ ಭಯದ ಹಾಡು. ಕೋಪ ಇದೆ, ನಿಜ. ಲೇಬಲ್ ಮೇಲಿನ ಸಿಟ್ಟು ಆ ದನಿಗೆ ಖಾರ ಹಾಕಿದೆ ಅನ್ನುವುದನ್ನು ನಾನು ಒಪ್ಪುತ್ತೇನೆ.

ಆದರೆ ಆಲ್ಬಂ ಕಟ್ಟಿದ್ದು ಆ ಸಿಟ್ಟಲ್ಲ. ಬರೆಯುವುದನ್ನು ಅವರು ನಿಲ್ಲಿಸಲಿಲ್ಲ, ಆಲ್ಬಂ ನಿಂತಿರುವುದು ಅದರ ಮೇಲೆ. ಲೇಬಲ್ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಈ ಅಣ್ಣ-ತಮ್ಮ ಫಿಲಡೆಲ್ಫಿಯಾದ ಆಬ್-ಲಿವಾ, ಸ್ಯಾಂಡ್‌ಮನ್ ಅನ್ನುವ ಇಬ್ಬರು ರ್‍ಯಾಪರ್‌ಗಳನ್ನು ಸೇರಿಸಿಕೊಂಡು ರೀ-ಅಪ್ ಗ್ಯಾಂಗ್ ಮಾಡಿಕೊಂಡರು. ಬೇರೆಯವರ ಹಿಟ್ ಹಾಡುಗಳ ಬೀಟ್ ಮೇಲೆ ತಮ್ಮ ಸಾಲು ಹಾಡಿ 'ವಿ ಗಾಟ್ ಇಟ್ ಫೋರ್ ಚೀಪ್' ಅನ್ನುವ ಮಿಕ್ಸ್‌ಟೇಪ್‌ಗಳನ್ನು ತಂದರು. 2005ರ ಎರಡನೇ ಭಾಗ ಇವತ್ತಿಗೂ ಒಳ್ಳೆಯ ಮಿಕ್ಸ್‌ಟೇಪ್‌ಗಳ ಮಾತು ಬಂದಾಗಲೆಲ್ಲ ನೆನಪಾಗುತ್ತದೆ. ಅಲ್ಲಿ ಹಿಟ್ ಬೇಕು, ರೇಡಿಯೊಗೆ ಒಂದು ಕೋರಸ್ ಬೇಕು ಅನ್ನುವವರು ಯಾರೂ ಇರಲಿಲ್ಲ. ಸಾಲಿನ ಮೇಲೆ ಸಾಲು, ಇಬ್ಬರ ನಡುವೆ ಪೈಪೋಟಿ. ಆ ಸಾಣೆ ಆಲ್ಬಂನಲ್ಲಿ ಕಾಣುತ್ತದೆ. ರೇಡಿಯೊ ಬಗ್ಗೆ ಯೋಚಿಸುವುದನ್ನೇ ಬಿಟ್ಟವರ ಧೈರ್ಯವೂ ಕಾಣುತ್ತದೆ. ಇದು ಅವರ ದುಡಿಮೆ. ಜಗಳಕ್ಕೆ ಇದರ ಶ್ರೇಯ ಕೊಡಬೇಡಿ.

ಜಗಳ ಕಿತ್ತುಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. 'ಲಾರ್ಡ್ ವಿಲಿನ್' ಮೊದಲ ವಾರ 1 ಲಕ್ಷದ 20 ಸಾವಿರ ಪ್ರತಿ ದಾಟಿತ್ತು. ವಿಮರ್ಶಕರೆಲ್ಲ ತಲೆ ಮೇಲೆ ಹೊತ್ತ ಎರಡನೇ ಆಲ್ಬಂ ಮೊದಲ ವಾರ ಹೋದದ್ದು 80 ಸಾವಿರದ ಆಸುಪಾಸು, ಪಟ್ಟಿಯಲ್ಲಿ 14ನೇ ಜಾಗ. ಆ ನಾಲ್ಕು ವರ್ಷದಲ್ಲಿ ಸಿಡಿ ಮಾರಾಟ ಎಲ್ಲರಿಗೂ ಬಿದ್ದಿತ್ತು, ಅದೂ ಸೇರಿದೆ. ಆದರೆ 'ಗ್ರೈಂಡಿನ್' ಬಿಸಿ ಇರುವಾಗಲೇ ಆಲ್ಬಂ ಬಂದಿದ್ದರೆ ಅವರ ಬದುಕು ಬೇರೆಯೇ ಇರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ರ್‍ಯಾಪ್‌ನಲ್ಲಿ ನಾಲ್ಕು ವರ್ಷ ಅಂದರೆ ಒಂದು ತಲೆಮಾರು. ಆ ವಯಸ್ಸು, ಆ ಹಸಿವು ಮತ್ತೆ ಸಿಗುವುದಿಲ್ಲ. 2007ರಲ್ಲಿ ಜೈವ್ ಒಪ್ಪಂದದಿಂದ ಅವರಿಗೆ ಬಿಡುಗಡೆ ಸಿಕ್ಕಿತು. ಕೊಲಂಬಿಯಾ ಲೇಬಲ್ ಮೂಲಕ 2009ರಲ್ಲಿ ಮೂರನೇ ಆಲ್ಬಂ ಬಂತು. ಆಮೇಲೆ ಅಣ್ಣ ದೇವರ ದಾರಿ ಹಿಡಿದರು, ತಮ್ಮ ಒಬ್ಬಂಟಿಯಾಗಿ ಹಾಡಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ನಿಮಗೆ ಬರೀ ಹೆದರಿಕೆಯನ್ನೇ ಕೊಡಬೇಕಿತ್ತು. 2025ರಲ್ಲಿ ಇಬ್ಬರೂ ಮತ್ತೆ ಸೇರಿ 'ಲೆಟ್ ಗಾಡ್ ಸಾರ್ಟ್ ಎಮ್ ಔಟ್' ಮಾಡಿದರು. ಬೀಟ್ ಮತ್ತೆ ಫರೆಲ್ ಅವರದ್ದೇ. ಮತ್ತೆ ಲೇಬಲ್ ಅಡ್ಡ ಬಂತು. ಈ ಸಲ ಡೆಫ್ ಜಾಮ್. ಒಂದು ಹಾಡಿನಲ್ಲಿ ಹೆಸರಾಂತ ರ್‍ಯಾಪರ್ ಕೆಂಡ್ರಿಕ್ ಲಮಾರ್ ಹಾಡಿದ ಭಾಗಕ್ಕೆ ಕತ್ತರಿ ಹಾಕಿ ಅಂತ ಲೇಬಲ್ ಕೇಳಿತು ಅಂತ ಪುಷಾ ಟಿ ಹೇಳಿದ್ದಾರೆ. ಇವರು ಕತ್ತರಿಸಲಿಲ್ಲ. ಹತ್ತು ಲಕ್ಷ ಡಾಲರ್‌ಗೂ ಮೇಲಿನ ಮೊತ್ತ ಕಟ್ಟಿ ಹೊರಗೆ ಬಂದೆವು ಅಂತ ಅವರ ಮ್ಯಾನೇಜರ್ ಹೇಳಿದರು. ಜುಲೈ 11ಕ್ಕೆ ರಾಕ್ ನೇಷನ್ ಅನ್ನುವ ಕಂಪನಿ ಮೂಲಕ ಆಲ್ಬಂ ಬಂದೇಬಿಟ್ಟಿತು, ಕೆಂಡ್ರಿಕ್ ಸಾಲುಗಳ ಸಮೇತ. ಪಟ್ಟಿಯಲ್ಲಿ ಮತ್ತೆ 4ನೇ ಜಾಗ.

ಅದೇ ಇಬ್ಬರು. ಜೈವ್ ಸಲ ವರ್ಷಗಟ್ಟಲೆ ಕಾದರು, ಡೆಫ್ ಜಾಮ್ ಸಲ ದುಡ್ಡು ಕಟ್ಟಿ ಎದ್ದು ಬಂದರು. ವ್ಯತ್ಯಾಸ ಧೈರ್ಯದ್ದಲ್ಲ, ಧೈರ್ಯ ಆಗಲೂ ಇತ್ತು. ಈಗ ಕೈಯಲ್ಲಿ ದುಡ್ಡಿತ್ತು, ದೊಡ್ಡ ಹೆಸರಿತ್ತು, ಅಂಗಡಿ ಅಂಗಡಿಗೆ ಸಿಡಿ ಕಳಿಸುವ ಜಾಲ ಇಲ್ಲದೆಯೂ ಹಾಡು ಮುಟ್ಟಿಸುವ ದಾರಿ ಇತ್ತು. ಮೂರನೆಯದ್ದು ನಿಮ್ಮ ಹತ್ತಿರವೂ ಇದೆ. ಮೊದಲ ಎರಡು ಇನ್ನೂ ಇಲ್ಲ. ಆದ್ದರಿಂದ ಹೊರಗೆ ಬರುವ ಬಾಗಿಲನ್ನು ನೀವು ಒಳಗೆ ಹೋಗುವಾಗಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು.

ನಿಮ್ಮ ಅಗ್ರಿಮೆಂಟಿಗೆ ಬರುತ್ತೇನೆ. ಅವಧಿ ಎಷ್ಟು ಅಂತ ನೋಡಿ. ವರ್ಷದ ಲೆಕ್ಕ ಇದೆಯಾ, ಬರೀ 'ಮೂರು ಆಲ್ಬಂ' ಅಂತ ಇದೆಯಾ? ಬರೀ ಆಲ್ಬಂ ಲೆಕ್ಕ ಇದ್ದು, ಬಿಡುಗಡೆ ಯಾವಾಗ ಅನ್ನುವುದು ಕಂಪನಿಯ ತೀರ್ಮಾನ ಆದರೆ, ಆ ಒಪ್ಪಂದ ಮುಗಿಯುವುದೇ ಇಲ್ಲ. ಮೊದಲ ಆಲ್ಬಂ ಬಿಡದೆ ಇಟ್ಟರೆ ಎರಡನೆಯದು ಶುರುವಾಗುವುದಿಲ್ಲ. ಅಷ್ಟು ದಿನ ನೀವು ಬೇರೆಯವರಿಗೆ ಹಾಡುವಂತಿಲ್ಲ. ಕ್ಲಿಪ್ಸ್ ಸಿಕ್ಕಿಕೊಂಡದ್ದು ಇಂಥದ್ದರಲ್ಲೇ. ಹಾಗಾಗಿ ಎರಡು ಮಾತು ಬರೆಸಿ. ರೆಕಾರ್ಡಿಂಗ್ ಕೊಟ್ಟ ಮೇಲೆ ಇಷ್ಟು ತಿಂಗಳೊಳಗೆ ಬಿಡುಗಡೆ ಮಾಡಬೇಕು, ಮಾಡದಿದ್ದರೆ ನೀವು ನೋಟಿಸ್ ಕೊಟ್ಟು ಹೊರಗೆ ಹೋಗಬಹುದು, ಹಾಡುಗಳೂ ನಿಮ್ಮ ಜೊತೆ ಬರುತ್ತವೆ. ಎಷ್ಟೇ ಆಲ್ಬಂ ಆಗಿರಲಿ, ಇಷ್ಟು ವರ್ಷಕ್ಕೆ ಒಪ್ಪಂದ ಮುಗಿಯುತ್ತದೆ. ತಿಂಗಳು ಆರಾ, ಒಂಬತ್ತಾ ಅಂತ ಚೌಕಾಸಿ ಮಾಡಿ, ತೊಂದರೆ ಇಲ್ಲ. ಸಂಖ್ಯೆ ಅಂತ ಒಂದು ಇರಲೇಬೇಕು.

ಆ ಮ್ಯಾನೇಜರ್ ಹೆಸರನ್ನೂ ಕಾಗದದಲ್ಲಿ ಹಾಕಿಸಿ. ಅವರು ಕಂಪನಿ ಬಿಟ್ಟರೆ ಅಥವಾ ಕಂಪನಿ ಇನ್ನೊಬ್ಬರ ಕೈಗೆ ಹೋದರೆ, ಮುಂದುವರಿಯುವುದು ಬಿಡುವುದು ನಿಮ್ಮ ಇಷ್ಟ ಅಂತ ಇರಲಿ. ಹೊಸಬರಿಗೆ ಇದನ್ನು ಕೊಡಲು ಕಂಪನಿಗಳು ಹಿಂಜರಿಯುತ್ತವೆ. ಆದರೂ ಕೇಳಿ. ಕೇಳಿದಾಗ ಬರುವ ಉತ್ತರದಲ್ಲೇ ತುಂಬ ವಿಷಯ ಗೊತ್ತಾಗುತ್ತದೆ.

ನಮ್ಮ ಕಾನೂನು ಸ್ವಲ್ಪ ನಿಮ್ಮ ಕಡೆಗಿದೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ, ರಾಯಲ್ಟಿ ಎಷ್ಟು ಅನ್ನುವುದು ಅದರಲ್ಲಿ ಬರಬೇಕು. ವರ್ಷ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನೊಂದು ಮುಖ್ಯ ಮಾತು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ಹಕ್ಕು ಬಿದ್ದುಹೋಗುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ 'ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ' ಅನ್ನುವ ಷರತ್ತು ಕಾಯ್ದೆಯಲ್ಲೇ ಇದೆ. ಹಾಗಾಗಿ ಕಂಪನಿ ವಕೀಲರು 'ಒಂದು ವರ್ಷ ಬಳಸದಿದ್ದರೂ ಹಕ್ಕು ನಮ್ಮಲ್ಲೇ ಇರುತ್ತದೆ' ಅನ್ನುವ ಒಂದು ಸಾಲನ್ನು ಸೇರಿಸಿಬಿಡುತ್ತಾರೆ. ಈ ಒಂದು ವರ್ಷದ ನಿಯಮ ಇರುವುದು ಕಾಯ್ದೆಯ 19(4)ರಲ್ಲಿ. ನಿಮ್ಮ ಕಾಗದದಲ್ಲೂ 19(4) ಅಂತ ಎಲ್ಲಾದರೂ ಇದೆಯಾ ಹುಡುಕಿ. ಇದ್ದರೆ ಹೊಡೆದುಹಾಕಿಸಿ. ಇದು ಹಾಡಿನ ಹಕ್ಕಿಗೆ ಮಾತ್ರ ಸಂಬಂಧಿಸಿದ್ದು, ಬೇರೆಯವರಿಗೆ ಹಾಡಬಾರದು ಅನ್ನುವ ಕಟ್ಟನ್ನು ಬಿಡಿಸುವುದಿಲ್ಲ. ಅದಕ್ಕೆ ಮೇಲೆ ಹೇಳಿದ ತಿಂಗಳು-ವರ್ಷದ ಲೆಕ್ಕವೇ ಬೇಕು.

ಸಾಹಿತ್ಯ ಬರೆಯುವವರು ನೀವೇ. ಹಾಗಾದರೆ 2012ರ ತಿದ್ದುಪಡಿ ನಿಮಗೆ ದೊಡ್ಡ ರಕ್ಷಣೆ. ಹಾಡಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ, ಅದನ್ನು ಬಳಸಿದಾಗ ಬರುವ ರಾಯಲ್ಟಿಯಲ್ಲಿ ಸಾಹಿತ್ಯ ಮತ್ತು ಸಂಗೀತ ಮಾಡಿದವರಿಗೆ ಸಮಪಾಲು ಇರುತ್ತದೆ. ಅದನ್ನು ಬಿಟ್ಟುಕೊಟ್ಟೆ ಅಂತ ಸಹಿ ಹಾಕಿಸಿಕೊಂಡರೂ ನಡೆಯುವುದಿಲ್ಲ. ಆ ಪಾಲು ಕೈಗೆ ಬರಬೇಕಾದರೆ ಸಾಹಿತ್ಯ ಮತ್ತು ಸಂಗೀತ ಮಾಡಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ, ಹಾಡುಗಳನ್ನು ಅಲ್ಲಿ ನೋಂದಾಯಿಸಿ. ಸಹಿಗೆ ಮೊದಲೇ ಮಾಡಿ. ಬೀಟ್ ಮಾಡಿಕೊಟ್ಟ ಗೆಳೆಯನಿಗೂ ಇದನ್ನು ಹೇಳಿ, ಅವರ ಪಾಲೂ ಇದೆ.

ನಿಮ್ಮ ಮನೆಯಲ್ಲಿ, ನಿಮ್ಮದೇ ಖರ್ಚಿನಲ್ಲಿ ಈಗಾಗಲೇ ರೆಕಾರ್ಡ್ ಮಾಡಿದ ಹಾಡುಗಳಿದ್ದರೆ ಅವುಗಳ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ನಿಮ್ಮದು. ರೆಕಾರ್ಡಿಂಗ್ ಮಾಡಲು ಮುಂದೆ ನಿಂತು ಅದರ ಹೊಣೆ ಹೊತ್ತವರೇ ಕಾನೂನಿನ ಕಣ್ಣಿನಲ್ಲಿ ಅದರ ಒಡೆಯರು. ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಇರುತ್ತದೆ. 'ಹಳೆಯ ಹಾಡುಗಳೂ ಸೇರಿ' ಅನ್ನುವ ಮಾತು ಅಗ್ರಿಮೆಂಟ್‌ನಲ್ಲಿ ನುಸುಳಿದೆಯಾ ನೋಡಿ. ಇದ್ದರೆ ಆ ಹಾಡುಗಳ ಪಟ್ಟಿ ಕೊಟ್ಟು, ಇವು ಹೊರಗೆ ಅಂತ ಬರೆಸಿ.

ಕೊನೆಯ ಪ್ರಶ್ನೆ, ಯೂಟ್ಯೂಬ್ ಹಾಡು. ಕ್ಲಿಪ್ಸ್ ಮಿಕ್ಸ್‌ಟೇಪ್ ಬಿಟ್ಟರಲ್ಲ, ನಾವೂ ಬಿಡೋಣ ಅಂತ ಹೊರಡಬೇಡಿ. ಆ ಕಾಲದಲ್ಲಿ ಲೇಬಲ್‌ಗಳು ಮಿಕ್ಸ್‌ಟೇಪ್ ಕಂಡೂ ಕಾಣದಂತೆ ಇರುತ್ತಿದ್ದವು. ಅದು ಹಕ್ಕಾಗಿರಲಿಲ್ಲ. 2007ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಹೆಸರಾಂತ ಮಿಕ್ಸ್‌ಟೇಪ್ ಮಾಡುಗ ಡಿಜೆ ಡ್ರಾಮಾ ಅವರ ಸ್ಟುಡಿಯೊ ಮೇಲೆ ಪೊಲೀಸರು ದಾಳಿ ಮಾಡಿ ಅವರನ್ನು ಬಂಧಿಸಿದರು. ಇವತ್ತು ಬೇರೆಯವರ ಬೀಟ್ ಮೇಲೆ ಹಾಡಿ ಹಾಕಿದರೆ ಯೂಟ್ಯೂಬ್‌ನ ಯಂತ್ರವೇ ಹಿಡಿಯುತ್ತದೆ. ನಿಮ್ಮದೇ ಬೀಟ್ ಆದರೂ, ಬೇರೆ ಕಡೆ ಹಾಡಬಾರದು ಅನ್ನುವ ಒಪ್ಪಂದ ಇದ್ದರೆ ಅದನ್ನು ಮುರಿದಂತೆಯೇ.

ಹಾಗಂತ ಸುಮ್ಮನಿರಬೇಡಿ. ವರ್ಷಕ್ಕೆ ಇಷ್ಟು ಹಾಡು ನಮ್ಮ ಚಾನೆಲ್‌ನಲ್ಲಿ ದುಡ್ಡಿಲ್ಲದೆ ಬಿಡುತ್ತೇವೆ, ಬೇರೆ ರ್‍ಯಾಪರ್‌ಗಳ ಹಾಡಿನಲ್ಲಿ ಒಂದು ಭಾಗ ಹಾಡುತ್ತೇವೆ, ವೇದಿಕೆ ಕಾರ್ಯಕ್ರಮಕ್ಕೆ ಅನುಮತಿ ಕೇಳುವುದಿಲ್ಲ ಅಂತ ಬರೆಸಿಕೊಳ್ಳಿ. ಇದಕ್ಕೆ ಕಂಪನಿಗೆ ಖರ್ಚಿಲ್ಲ, ಅವರಿಗೂ ಪ್ರಚಾರವೇ. ಹೆಚ್ಚಿನವರು ಒಪ್ಪುತ್ತಾರೆ. ಆಲ್ಬಂ ಕಪಾಟಿಗೆ ಹೋದರೂ ನಿಮ್ಮಿಬ್ಬರ ದನಿ ಜನರ ಕಿವಿಯಲ್ಲಿ ಇರುತ್ತದೆ.

ಮೊದಲು ಬಿಡುಗಡೆಯ ತಿಂಗಳು ಬರೆಸುವ ಮಾತು ಎತ್ತಿ. ಅದಕ್ಕೆ ಅವರು ಒಪ್ಪಿದರೆ, ಪೂರ್ತಿ ಅಗ್ರಿಮೆಂಟನ್ನು ಕಾಪಿರೈಟ್ ಗೊತ್ತಿರುವ ವಕೀಲರೊಬ್ಬರಿಗೆ ಫೀಸ್ ಕೊಟ್ಟು ಓದಿಸಿ. ಕಂಪನಿಯವರು ತೋರಿಸಿದ ವಕೀಲರು ಬೇಡ, ನೀವೇ ಹುಡುಕಿದವರಿರಲಿ. ಒಪ್ಪದಿದ್ದರೆ ಮೂರು ಆಲ್ಬಂ ಬೇಡ, ಒಂದೇ ಹಾಡಿಗೆ ಒಪ್ಪಂದ ಮಾಡಿಕೊಳ್ಳೋಣ ಅಂತ ಹೇಳಿ ನೋಡಿ.